ಮಾಡಿದ್ದನ್ನು ಬಲ್ಲವರು: ಕುರುಗೋಡು, ಸಿರುಗುಪ್ಪ, ಬಳ್ಳಾರಿಯ ಚರಿತ್ರೆಯಲ್ಲಿ ಕೃತಜ್ಞತೆ ಮತ್ತು ಸೌಜನ್ಯ

ಕೃತಜ್ಞತೆ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಚರಿತ್ರೆಯ ಲಕ್ಷಣವೊಂದು ಅಡಗಿರುವುದು ಕಾಣುತ್ತದೆ. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಯಾರು ಏನು ಮಾಡಿದರೆಂಬುದನ್ನು ಬಲ್ಲವನೇ ಕೃತಜ್ಞ. ಇದಕ್ಕೆ ವಿರುದ್ಧ ಪದವಾದ ‘ಕೃತಘ್ನ’ದಲ್ಲಿ ಬದಲಾಗುವುದು ಒಂದೇ ಅಕ್ಷರ. ಅಲ್ಲಿ ಬಲ್ಲವನ ಸ್ಥಾನದಲ್ಲಿ ಕೊಲ್ಲುವವನು ನಿಲ್ಲುತ್ತಾನೆ. ಮಾಡಿದ್ದನ್ನು ಅರಿಯದಿರುವುದು ಕೇವಲ ಮರೆವಲ್ಲ, ಅದು ಮಾಡಿದ್ದನ್ನು ಕೊಂದಂತೆ ಎಂಬ ಕಠಿಣವಾದ ತೀರ್ಪು ಈ ಪದರಚನೆಯಲ್ಲಿಯೇ ಇದೆ. ಹೀಗೆ ನೋಡಿದಾಗ ಕೃತಜ್ಞತೆ ಮನಸ್ಸಿನ ಒಂದು ಮೃದುಭಾವ ಮಾತ್ರವಾಗಿ ಉಳಿಯುವುದಿಲ್ಲ. ಅದು ಜ್ಞಾನದ ಒಂದು ಪ್ರಕಾರ. ನಿಖರವಾದ ತಿಳಿವಳಿಕೆಯನ್ನು ಬೇಡುವ ಒಂದು ಹೊಣೆ.

ಕನ್ನಡ ನಾಡು ಈ ಹೊಣೆಗೆ ತನ್ನದೇ ಆದ ಹೆಸರನ್ನು ಕೊಟ್ಟಿತ್ತು. ಹಳಗನ್ನಡ ಕಾವ್ಯಗಳಲ್ಲಿ ಮತ್ತು ಶಾಸನಗಳಲ್ಲಿ ಬರುವ ‘ಜೋಳವಾಳಿ’ ಅಥವಾ ‘ಜೋಳದ ಪಾಳಿ’ ಎಂಬ ಮಾತು ಅನ್ನವಿಟ್ಟ ಒಡೆಯನಿಗೆ ಉಂಡವನು ಸಲ್ಲಿಸಬೇಕಾದ ಋಣವನ್ನು ಸೂಚಿಸುತ್ತದೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿಗಳ ಸ್ವರೂಪವನ್ನು ಎಂ. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ವಿವರವಾಗಿ ವಿವೇಚಿಸಿದ್ದಾರೆ. ಎರೆನೆಲದ ಜೋಳವನ್ನೇ ನಂಬಿ ಬದುಕಿದ ಬಳ್ಳಾರಿ ಸೀಮೆಗೆ ಈ ಪದ ವಿಶೇಷವಾಗಿ ಒಪ್ಪುತ್ತದೆ. ಆದರೆ ಜೋಳವಾಳಿಗೆ ಇನ್ನೊಂದು ಮುಖವೂ ಉಂಟು. ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣ ತನ್ನ ಹುಟ್ಟಿನ ಗುಟ್ಟನ್ನು ಅರಿತ ಮೇಲೂ ದುರ್ಯೋಧನನನ್ನು ತೊರೆಯಲು ಒಪ್ಪುವುದಿಲ್ಲ. ಓದುಗರ ಗೌರವ ಕರ್ಣನಿಗೆ ಸಲ್ಲುತ್ತದೆ. ಆದರೆ ಆ ಋಣಸಂದಾಯ ಅಧರ್ಮದ ಪಕ್ಷವನ್ನು ಬಲಪಡಿಸಿತೆಂಬ ನೋವು ಉಳಿದೇ ಇರುತ್ತದೆ. ವೈಯಕ್ತಿಕ ಬದುಕಿನ ಋಣ ಸಾರ್ವಜನಿಕ ನ್ಯಾಯದೊಡನೆ ಎದುರಾದಾಗ ಏನು ಮಾಡಬೇಕು ಎಂಬುದು ಹತ್ತನೆಯ ಶತಮಾನದ ಕಾವ್ಯದಲ್ಲಿ ಹೇಗೋ, ಇಂದಿನ ಕಚೇರಿ, ಸಭೆ, ವಿದ್ಯಾಪೀಠಗಳಲ್ಲಿಯೂ ಹಾಗೆಯೇ ಜೀವಂತವಾದ ಪ್ರಶ್ನೆ. ಬಳ್ಳಾರಿ ಸೀಮೆಯ ಚರಿತ್ರೆಯ ಕೆಲವು ಪ್ರಸಂಗಗಳು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತವೆ.

ಕೊಟ್ಟವರು ಮತ್ತು ಕಾಯ್ದವರು

ಬಳ್ಳಾರಿಯಿಂದ ವಾಯವ್ಯಕ್ಕಿರುವ ಕುರುಗೋಡು ಇಂದು ದೊಡ್ಡಬಸವೇಶ್ವರನ ಬೃಹತ್ ನಂದಿಯಿಂದ ನಾಡಿಗೆ ಪರಿಚಿತವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಅದು ಬಲ್ಲಕುಂದೆ ನಾಡನ್ನು ಆಳಿದ ಸಿಂದರ ನೆಲೆಯಾಗಿತ್ತು. ಕಲ್ಯಾಣದ ಚಾಲುಕ್ಯರಿಗೂ ಅನಂತರ ಕಳಚುರಿಗಳಿಗೂ ಅಧೀನರಾಗಿದ್ದ ಈ ಮನೆತನದ ರಾಚಮಲ್ಲನ ಹೆಸರು ಬರುವ ಕುರುಗೋಡಿನ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಪ್ರಕಟಿಸಿದರು.

ಆ ಕಾಲದ ದಾನಶಾಸನಗಳ ರಚನಾಕ್ರಮವನ್ನು ಗಮನಿಸಿದರೆ ಅವು ಕೃತಜ್ಞತೆಯನ್ನು ಹೇಗೆ ದಾಖಲಿಸುತ್ತಿದ್ದವೆಂಬುದು ಸ್ಪಷ್ಟವಾಗುತ್ತದೆ. ಮೊದಲು ಆಳುವ ಚಕ್ರವರ್ತಿಯ ಹೆಸರು, ಅನಂತರ ಮಾಂಡಲಿಕನ ವಂಶ, ಬಳಿಕ ದಾನ ಕೊಟ್ಟ ತಿಥಿ, ದಾನ ಪಡೆದವರು, ಕೊಟ್ಟ ಭೂಮಿಯ ಅಳತೆ, ಅದರ ನಾಲ್ಕು ದಿಕ್ಕಿನ ಎಲ್ಲೆಗಳು. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದ ಕವಿಯ ಹೆಸರು, ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಬರುತ್ತವೆ. ಚಕ್ರವರ್ತಿಯಿಂದ ತೊಡಗಿ ಉಳಿ ಹಿಡಿದ ಕೈಯವರೆಗೆ ಒಂದೇ ಕಲ್ಲಿನಲ್ಲಿ ಸ್ಥಳ ಸಿಗುತ್ತದೆ. ‘ದೊಡ್ಡವರ ಉಪಕಾರ’ ಎಂಬ ಅಸ್ಪಷ್ಟ ಹೊಗಳಿಕೆ ಇಲ್ಲಿ ಸಾಲದು. ಯಾರು, ಯಾವಾಗ, ಎಷ್ಟು, ಯಾವ ಎಲ್ಲೆಯೊಳಗೆ ಎಂಬುದೆಲ್ಲ ನಿಖರವಾಗಿರಬೇಕು.

ಶಾಸನಗಳ ಶಾಪಾಶಯದ ಶ್ಲೋಕಗಳು ಇದಕ್ಕಿಂತ ಮುಂದಕ್ಕೆ ಹೋಗುತ್ತವೆ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸುವವನಿಗೆ ನರಕ ತಪ್ಪದೆಂದು ಅವು ಎಚ್ಚರಿಸುತ್ತವೆ. ದಾನ ಮತ್ತು ಪಾಲನೆಗಳೆರಡರಲ್ಲಿ ಪಾಲನೆಯೇ ಹೆಚ್ಚಿನದೆಂಬ ಆಶಯದ ಶ್ಲೋಕವೂ ಅನೇಕ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಡುವವನಿಗೆ ಕೀರ್ತಿ ತಾನಾಗಿಯೇ ಬರುತ್ತದೆ. ಹಿಂದಿನವನ, ಹಲವು ವೇಳೆ ಪರವಂಶದವನ, ದಾನವನ್ನು ಕಾಯುವವನಿಗೆ ಅಂಥ ಕೀರ್ತಿಯಿಲ್ಲ. ಆದುದರಿಂದಲೇ ಅವನದು ದೊಡ್ಡ ಪುಣ್ಯ. ಸಾರ್ವಜನಿಕ ಜೀವನದ ಕೃತಜ್ಞತೆಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯೆ ದೊರೆಯುವುದು ಕಷ್ಟ: ಹಿಂದಿನವರು ಮಾಡಿಟ್ಟದ್ದನ್ನು ಮುಂದಿನವರಿಗಾಗಿ ಕೆಡದಂತೆ ಕಾಯುವುದು.

ಪಾಲನೆಯ ಈ ತತ್ತ್ವ ಧರ್ಮಗಳ ನಡುವಣ ಸೌಜನ್ಯವಾಗಿ ರೂಪುಗೊಂಡ ಪ್ರಸಂಗವೊಂದು ಇದೇ ತುಂಗಭದ್ರೆಯ ತೀರದ ಅರಸರಿಗೆ ಸೇರಿದ್ದು. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು ತಮಗೆ ಶ್ರೀವೈಷ್ಣವರಿಂದಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ನಿವೇದಿಸಿಕೊಂಡರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಬುಕ್ಕ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಕ್ಷಣೆಯ ಭಾರವನ್ನು ಅವರಿಗೇ ಒಪ್ಪಿಸಿದನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಗಮನಿಸಬೇಕಾದುದು ಅದರ ಕಾರ್ಯವಿಧಾನ. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು. ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಸೌಜನ್ಯವನ್ನು ಸದ್ಭಾವನೆಗೆ ಬಿಡದೆ ಹಣ, ಆಳು, ಸುಣ್ಣಗಳ ಲೆಕ್ಕಕ್ಕೆ ಇಳಿಸಿದ್ದರಿಂದಲೇ ಅದು ಆಚರಣೆಗೆ ಬರುವ ಮಾತಾಯಿತು.

ಕಂದಾಯ ಇಳಿಸಬೇಕೆಂದ ಕಲೆಕ್ಟರ್

ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಕೃತಜ್ಞತೆ ಹುಟ್ಟಬಹುದೇ ಎಂಬ ಪ್ರಶ್ನೆಗೆ ಬಳ್ಳಾರಿ ಸೀಮೆಯಲ್ಲಿ ಥಾಮಸ್ ಮನ್ರೋನ ಉದಾಹರಣೆಯಿದೆ. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರಾಗಿ 1807ರವರೆಗೆ ಇದ್ದನು. ಜನರ ನೆನಪಿನಲ್ಲಿ ಅವನು ‘ಬಳ್ಳಾರಿಯ ಕಲೆಕ್ಟರ್’. ದಾಖಲೆಗಳ ಪ್ರಕಾರ ಅವನ ಮುಖ್ಯ ಠಾಣ್ಯ ಅನಂತಪುರ. ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳ ವಿಭಜನೆಯಾದದ್ದು ಅವನು ಹೋದ ಬಳಿಕ, 1808ರಲ್ಲಿ.

ಮನ್ರೋ ಬಂದದ್ದು ಕಂದಾಯ ವಸೂಲಿಗೆ. ಪಾಳೆಯಗಾರರ ಬಲವನ್ನು ಅವನು ನಿಷ್ಠುರವಾಗಿ ಮುರಿದನು. ಅವನ ಕಾಲದಲ್ಲಿ ನಿಗದಿಯಾದ ತೆರಿಗೆ ಹಗುರವಾದುದೇನೂ ಅಲ್ಲ. ಸರಕಾರದ ಪಾಲು ಒಟ್ಟು ಉತ್ಪನ್ನದ ಶೇಕಡ 45ರಷ್ಟಾಗುತ್ತದೆಂದು ಅವನೇ ಲೆಕ್ಕ ಹಾಕಿದ್ದನು. ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. ಸೀಮೆಯನ್ನು ಬಿಟ್ಟು ಹೊರಡುವ 1807ರಲ್ಲಿ, ತಾನೇ ಏರ್ಪಡಿಸಿದ ಕಂದಾಯ ರೈತನಿಗೆ ಭಾರವೆಂದೂ ಅದನ್ನು ಒಟ್ಟು ಉತ್ಪನ್ನದ ಮೂರನೆಯ ಒಂದು ಭಾಗಕ್ಕೆ ಇಳಿಸಬೇಕೆಂದೂ ಅವನು ಬರೆದನು. ಮೇಲಧಿಕಾರಿಗಳು ಒಪ್ಪಲಿಲ್ಲ. ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಂದು, ಮೊದಲು ಮೂರು ವರ್ಷ, ಅನಂತರ ಹತ್ತು ವರ್ಷ ನಡೆದು ಸೀಮೆಯನ್ನು ಸೊರಗಿಸಿತು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಬಂದ ಮೇಲೆ ಖುಷ್ಕಿ, ತರಿ ಜಮೀನುಗಳಿಗೆ ಶೇಕಡ 25ರಷ್ಟು, ಬಾಗಾಯ್ತಿಗೆ ಶೇಕಡ 33ರಷ್ಟು ಕಂದಾಯ ಇಳಿಯಿತು. ಹದಿಮೂರು ವರ್ಷಗಳ ಹಿಂದೆ ಒಂದು ಸೀಮೆಯ ರೈತರ ಪರವಾಗಿ ಆಡಿದ ಮಾತನ್ನು ಅಧಿಕಾರ ಬಂದಾಗ ಮರೆಯದಿರುವುದು ಸಾರ್ವಜನಿಕ ಬದುಕಿನಲ್ಲಿ ಅಪರೂಪ.

ಅವನ ಸೌಜನ್ಯವೂ ಇದೇ ಬಗೆಯದು. 1813ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿಯುವಾಗ ಅವನು ಭಾರತೀಯರ ಬೇಸಾಯ, ಕರಕುಶಲತೆ, ಹಳ್ಳಿಯ ಶಾಲೆಗಳು, ಅತಿಥಿಸತ್ಕಾರ, ಸ್ತ್ರೀಯರ ವಿಷಯದ ಗೌರವ ಇವನ್ನೆಲ್ಲ ಎತ್ತಿ ಹೇಳಿದನು. ನಾಗರಿಕತೆಯೇ ವ್ಯಾಪಾರದ ಸರಕಾದರೆ ಲಾಭ ಇಂಗ್ಲೆಂಡಿಗೇ ಎಂಬುದು ಅವನ ಮಾತಿನ ತಾತ್ಪರ್ಯ. ತಮ್ಮ ಆಳಿಕೆಗೆ ಒಳಗಾದವರನ್ನು ಅವರ ಬೆನ್ನ ಹಿಂದೆ, ದೂರದೇಶದಲ್ಲಿ, ಪ್ರಬಲರ ಸಭೆಯಲ್ಲಿ ಗೌರವದಿಂದ ಹೆಸರಿಸುವುದು ಸೌಜನ್ಯದ ನಿಜವಾದ ಪರೀಕ್ಷೆ.

1827ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ತಾನು ದುಡಿದ ಸೀಮೆಯ ಜನರನ್ನು ಕೊನೆಯ ಬಾರಿ ಕಾಣಬೇಕೆಂದು ಮನ್ರೋ ಪ್ರವಾಸ ಬಂದನು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಪತ್ತಿಕೊಂಡದಲ್ಲಿ ಜುಲೈ 6ರಂದು ಕಾಲರಾದಿಂದ ತೀರಿಕೊಂಡನು. ಅವನ ನೆನಪಿಗೆ ಪತ್ತಿಕೊಂಡದಲ್ಲಿ ತೋಪು ಮತ್ತು ಬಾವಿ, ಗುತ್ತಿಯಲ್ಲಿ ಛತ್ರ ನಿರ್ಮಾಣವಾದವು. ಮದ್ರಾಸಿನಲ್ಲಿ ಚಾಂಟ್ರಿ ಎಂಬ ಶಿಲ್ಪಿ ರೂಪಿಸಿದ ಅಶ್ವಾರೂಢ ಪ್ರತಿಮೆ ನಿಂತಿತು. ಈ ಎರಡು ಬಗೆಯ ಸ್ಮಾರಕಗಳ ಅಂತರ ಅರ್ಥಪೂರ್ಣವಾದುದು. ಪ್ರತಿಮೆ ನೋಡುವವರಿಗೆ, ತೋಪು, ಬಾವಿ, ಛತ್ರಗಳು ದಾರಿ ನಡೆಯುವವರಿಗೆ. ಅಂದಿನ ಆದವಾನಿ ತಾಲೂಕಿಗೆ ಸೇರಿದ್ದ ಮಂತ್ರಾಲಯದ ವೃಂದಾವನದ ಮುಂದೆ ರಾಘವೇಂದ್ರಸ್ವಾಮಿಗಳು ಮನ್ರೋಗೆ ದರ್ಶನವಿತ್ತು ಮಾತನಾಡಿದರೆಂಬ ಪ್ರತೀತಿಯನ್ನು ಬಳ್ಳಾರಿಯ ಗ್ಯಾಸೆಟಿಯರ್ ಕೂಡ ದಾಖಲಿಸಿದೆ. ಮಠದ ಉಂಬಳಿಯ ಭೂಮಿಯನ್ನು ಕಸಿಯದೆ ಬಿಟ್ಟ ಅಧಿಕಾರಿಯನ್ನು ಜನಮನಸ್ಸು ತನ್ನ ದೇವರ ಕಥೆಯೊಳಕ್ಕೇ ಸೇರಿಸಿಕೊಂಡಿತು. ಪರರು ಕೊಟ್ಟ ದಾನವನ್ನು ಪಾಲಿಸಿದವನು ದೊಡ್ಡವನೆಂಬ ಶಾಸನಗಳ ನೀತಿಯೇ ಇಲ್ಲಿ ಐತಿಹ್ಯದ ರೂಪದಲ್ಲಿ ಮರಳಿ ಬಂದಿದೆ.

ಸಿರುಗುಪ್ಪದ ನೀರು

ಹೆಸರುಳ್ಳ ಉಪಕಾರಿಯನ್ನು ನೆನೆಯುವುದು ಸುಲಭ. ಹೆಸರಿಲ್ಲದವರ ಋಣವನ್ನು ಅರಿಯುವುದು ಕಷ್ಟ. ಸಿರುಗುಪ್ಪದ ಗದ್ದೆಬಯಲು ಈ ಎರಡನೆಯ ಬಗೆಯ ಋಣಕ್ಕೆ ನಿದರ್ಶನ. ತುಂಗಭದ್ರೆಗೆ ಅಣೆಕಟ್ಟುಗಳನ್ನು ಕಟ್ಟಿ ಕಾಲುವೆ ತೆಗೆದ ವಿಜಯನಗರ ಕಾಲದ ನೀರಾವರಿಯಲ್ಲಿ ರಾಯ, ಬಸವ, ತುರ್ತಾ, ಕಂಪ್ಲಿ ಕಾಲುವೆಗಳ ಜೊತೆಗೆ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳೂ ಸೇರಿವೆ. ಶತಮಾನಗಳು ಕಳೆದರೂ ಇವು ನೀರುಣಿಸುತ್ತಿವೆ. ಸಾಮ್ರಾಜ್ಯ ಅಳಿಯಿತು, ರಾಜಧಾನಿ ಹಾಳಾಯಿತು, ಆದರೆ ಕಾಲುವೆ ಉಳಿಯಿತು. ಉಳಿದದ್ದು ತಾನಾಗಿ ಅಲ್ಲ. ವರ್ಷ ವರ್ಷವೂ ಹೂಳೆತ್ತಿದವರು, ಒಡ್ಡು ಕಟ್ಟಿದವರು, ತೂಬು ಕಾಯ್ದವರು, ಸರದಿಯಂತೆ ನೀರು ಬಿಟ್ಟವರು ತಲೆಮಾರುಗಳುದ್ದಕ್ಕೂ ಇದ್ದುದರಿಂದ ಅದು ಉಳಿಯಿತು. ದಾನಕ್ಕಿಂತ ಪಾಲನೆ ದೊಡ್ಡದೆಂಬ ಮಾತಿನ ನಿಜಾರ್ಥ ಇಂಥ ಕಾಲುವೆಯ ದಂಡೆಯಲ್ಲಿ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಹೊಸ ಋಣವೊಂದು ಸೇರಿತು. 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು ಜಂಟಿಯಾಗಿ ಆರಂಭಿಸಿದ ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕೆಳಮಟ್ಟದ ಕಾಲುವೆ ಸಿರುಗುಪ್ಪ ತಾಲೂಕನ್ನು ಹಾಯ್ದು ಆದವಾನಿಯ ಕಡೆಗೆ ಸಾಗುತ್ತದೆ. ಜೋಳದ ನೆಲ ಭತ್ತದ ಕಣಜವಾಯಿತು. ಆದರೆ ಆ ನೀರು ನಿಲ್ಲಲು ಹತ್ತಾರು ಹಳ್ಳಿಗಳು ಮುಳುಗಬೇಕಾಯಿತು. ನಾರಾಯಣದೇವರಕೆರೆಯಂಥ ಊರು ಜಲಾಶಯದ ಪಾಲಾಗಿ ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಮನೆ, ಹೊಲ, ಗುಡಿ, ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಬಂದವರು ಯಾವ ದಾನಶಾಸನದಲ್ಲಿಯೂ ದಾನಿಗಳೆಂದು ಸೇರಿಲ್ಲ. ಅವರು ತಾವಾಗಿ ಕೊಟ್ಟವರೂ ಅಲ್ಲ, ಕೊಡಬೇಕಾಗಿ ಬಂದವರು. ಅಂಥವರ ಋಣ ತೀರಿಸುವುದು ಹೊಗಳಿಕೆಯಿಂದ ಆಗದು. ನೀರನ್ನು ಪೋಲುಮಾಡದೆ, ಕಾಲುವೆಯ ಕೊನೆಯಂಚಿನ ರೈತನ ಪಾಲನ್ನು ಮೇಲಿನವನು ಕಸಿಯದೆ ಬಳಸುವುದೇ ಅದಕ್ಕಿರುವ ದಾರಿ. ಕೊನೆಯಂಚಿಗೆ ನೀರು ಬಿಡುವುದು ಸಾರ್ವಜನಿಕ ಸೌಜನ್ಯದ ಅತ್ಯಂತ ಸರಳವೂ ಅತ್ಯಂತ ಕಷ್ಟಸಾಧ್ಯವೂ ಆದ ರೂಪ.

ಗಡಿಯ ನಗರದ ಎರಡು ರಂಗಮಂದಿರಗಳು

ಕಾಲುವೆಗೆ ನೀರು ಬಂದ 1953 ಬಳ್ಳಾರಿಗೆ ಇನ್ನೊಂದು ಕಾರಣದಿಂದಲೂ ನಿರ್ಣಾಯಕ ವರ್ಷ. ಆಂಧ್ರ ರಾಜ್ಯ ರಚನೆಯಾಗುವಾಗ ಮದ್ರಾಸಿನ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ತೀವ್ರ ವಿವಾದಕ್ಕೀಡಾದ ಬಳ್ಳಾರಿ ತಾಲೂಕಿನ ವಿಚಾರವನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಪರಿಶೀಲಿಸಿ ಅದು ಮೈಸೂರಿಗೆ ಸೇರಬೇಕೆಂದು ಅಭಿಪ್ರಾಯಪಟ್ಟರು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲೂಕುಗಳು ಮೈಸೂರು ರಾಜ್ಯದಲ್ಲಿ ವಿಲೀನವಾದವು. ಈ ವಿಲೀನದ ವಿಜಯೋತ್ಸವಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ತುಂಬಿದ ಬಲ್ಬಿನ ದಾಳಿಗೆ ಗುರಿಯಾಗಿ ಪ್ರಾಣ ತೆತ್ತರು. ವೇದಿಕೆಯ ಮೇಲೆ ಮರುದಿನ ಭಾಷಣ ಮಾಡುವವರ ಸಾಲಿನಲ್ಲಿದ್ದವರಲ್ಲ ಅವರು; ವೇದಿಕೆಯನ್ನು ಕಾಯುತ್ತಿದ್ದವರು. ಕರ್ನಾಟಕ ಏಕೀಕರಣದ ಕಥನದಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನ ಈ ಕಾರಣಕ್ಕಾಗಿಯೇ ದೊಡ್ಡದು. ಕನ್ನಡದ ಹೆಸರಿನಲ್ಲಿ ಮತೀಯ ಗೆರೆ ಎಳೆಯುವ ಯಾವ ಮಾತೂ ಬಳ್ಳಾರಿಯ ಮಟ್ಟಿಗೆ ಕೃತಘ್ನತೆಯ ಮಾತಾಗುತ್ತದೆ.

ಇಷ್ಟು ಕಹಿಯಾದ ಭಾಷಾವಿವಾದ ನಡೆದ ನಗರ ತನ್ನ ಸೌಜನ್ಯವನ್ನು ಕಳೆದುಕೊಳ್ಳಲಿಲ್ಲ ಎಂಬುದಕ್ಕೆ ಅಲ್ಲಿಯ ರಾಘವ ಕಲಾಮಂದಿರ ಸಾಕ್ಷಿ. ತೆಲುಗು ರಂಗಭೂಮಿಯ ಮಹಾನಟ ಬಳ್ಳಾರಿ ರಾಘವ (1880–1946) ವೃತ್ತಿಯಿಂದ ಈ ಊರಿನ ವಕೀಲರು. ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ಜಗಳ ಮುಗಿದು ಕನ್ನಡದ ಆಡಳಿತ ಬಂದ ಮೇಲೂ ಅವರ ಹೆಸರು ಊರಿನ ಹೆಮ್ಮೆಯಾಗಿ ಉಳಿಯಿತು. ರಾಘವರೊಡನೆ ಅಭಿನಯಿಸಿದ, ಅವರನ್ನು ಗುರುವೆಂದು ಭಾವಿಸಿದ ಕನ್ನಡದ ನಟ, ಗಮಕಿ ಜೋಳದರಾಶಿ ದೊಡ್ಡನಗೌಡರ (1910–1994) ಹೆಸರಿನ ರಂಗಮಂದಿರವೂ ಇದೇ ನಗರದಲ್ಲಿದೆ. ಗುರು ತೆಲುಗಿನಲ್ಲಿ ಪ್ರಸಿದ್ಧ, ಶಿಷ್ಯ ಕನ್ನಡದಲ್ಲಿ. ಭಾಷೆಯ ಗಡಿ ರಾಜ್ಯದ ಗಡಿಯಾಗಿ ಗಟ್ಟಿಯಾದ ಕಾಲದಲ್ಲಿಯೂ ಗುರುಶಿಷ್ಯರ ನಡುವಿನ ಋಣಕ್ಕೆ ಗಡಿ ಅಡ್ಡವಾಗಲಿಲ್ಲ. ನಗರವೂ ಇಬ್ಬರ ಹೆಸರನ್ನೂ ಉಳಿಸಿಕೊಂಡಿತು.

ವಿದ್ವತ್ತಿನ ಸೌಜನ್ಯ

ಸಂಶೋಧಕರಿಗೆ ಈ ಚರ್ಚೆ ಇನ್ನಷ್ಟು ಹತ್ತಿರವಾದುದು. ಬಳ್ಳಾರಿ ಸೇರಿದ್ದ ಬಿಟ್ಟುಕೊಟ್ಟ ಜಿಲ್ಲೆಗಳ ಸರ್ವೇಕ್ಷಣೆಯನ್ನೂ ನಡೆಸಿದ ಕಾಲಿನ್ ಮೆಕೆಂಜಿ, ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದ್ದು ದೇಶೀಯ ವಿದ್ವಾಂಸರ ನೆರವಿನಿಂದ. ಜೈನರ ಕುರಿತ ಲೇಖನವೊಂದು ‘ಏಷಿಯಾಟಿಕ್ ರಿಸರ್ಚಸ್’ನಲ್ಲಿ ಪ್ರಕಟವಾದಾಗ ಅದನ್ನು ಅನುವಾದಿಸಿದವನು ಕಾವಲಿ ಬೋರಯ್ಯ ಎಂಬುದು ಶೀರ್ಷಿಕೆಯಲ್ಲಿಯೇ ಮುದ್ರಿತವಾಯಿತು. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಚಿತ್ರಪಟದಲ್ಲಿ ಹಿನ್ನೆಲೆಗೆ ಗೊಮ್ಮಟನ ಮೂರ್ತಿಯಿದೆ. ಮೆಕೆಂಜಿಯ ಸುತ್ತ ಅವನ ಸಹಾಯಕರು ನಿಂತಿದ್ದಾರೆ. ಅವರಲ್ಲಿ ಹಳಗನ್ನಡ ಶಾಸನಗಳನ್ನು ಓದಬಲ್ಲವನಾಗಿದ್ದ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಒಬ್ಬನೆಂದು ಗುರುತಿಸಲಾಗಿದೆ. ಒಡೆಯನೊಬ್ಬನ ಚಿತ್ರದಲ್ಲಿ ಅವನಿಗೆ ಓದಿ ಹೇಳಿದವರಿಗೂ ಸ್ಥಳ ದೊರೆತದ್ದು ಶಾಸನದ ಕೊನೆಯಲ್ಲಿ ರೂವಾರಿಯ ಹೆಸರು ಬಂದಂತೆಯೇ.

ಬಳ್ಳಾರಿಯ ಪ್ರಾಗಿತಿಹಾಸವನ್ನು ಬೆಳಕಿಗೆ ತಂದವರ ಪರಂಪರೆಯೂ ಉದ್ದವಾದುದು. 1895ರಲ್ಲಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು ಬರೆದ ರಾಬರ್ಟ್ ಬ್ರೂಸ್ ಫೂಟ್, 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಗ್ರಂಥವನ್ನು ಪ್ರಕಟಿಸಿದ ಬಿ. ಸುಬ್ಬರಾವ್, ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಉತ್ಖನನ ನಡೆಸಿದ ಎಂ. ಎಸ್. ನಾಗರಾಜರಾವ್, ಸಂಗನಕಲ್ಲಿನಲ್ಲಿ ದೀರ್ಘಕಾಲ ದುಡಿದ ರವಿ ಕೋರಿಶೆಟ್ಟರ್ ಇವರೆಲ್ಲ ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿದವರು. ಇಂದು ಬಳ್ಳಾರಿಯಲ್ಲಿರುವ ಪುರಾತತ್ತ್ವ ವಸ್ತುಸಂಗ್ರಹಾಲಯ ಫೂಟ್ ಅವರ ಹೆಸರನ್ನೂ ಸಂಗನಕಲ್ಲಿನ ಹೆಸರನ್ನೂ ಒಟ್ಟಿಗೆ ಹೊತ್ತಿದೆ. ಶೋಧಿಸಿದ ವಿದ್ವಾಂಸನಿಗೂ ಶೋಧಕ್ಕೆ ಎಡೆಗೊಟ್ಟ ಊರಿಗೂ ಸಮಾನ ಸ್ಥಾನ ನೀಡಿದ ಈ ನಾಮಕರಣ ವಿವೇಕಯುತವಾದುದು.

ಹಸ್ತಪ್ರತಿ ಕೊಟ್ಟ ಮನೆಯವರು, ಶಾಸನವಿರುವ ಹೊಲದ ದಾರಿ ತೋರಿದ ರೈತ, ಗುಂಡಿಯಲ್ಲಿ ಮಣ್ಣು ಜರಡಿ ಹಿಡಿದ ಕೂಲಿಕಾರ್ತಿ, ಪಾಠದ ಒಂದು ಕಠಿಣ ಪದವನ್ನು ಬಿಡಿಸಿಕೊಟ್ಟ ಗೆಳೆಯ ಇವರ ಹೆಸರುಗಳು ಪ್ರಬಂಧದ ಮೊದಲ ಪುಟದ ಔಪಚಾರಿಕ ವಂದನೆಯಲ್ಲಿ ಕರಗಿಹೋಗುವುದೇ ಹೆಚ್ಚು. ಒಬ್ಬರ ಶೋಧವನ್ನು ಹೆಸರು ಹೇಳದೆ ಎತ್ತಿಕೊಳ್ಳುವುದು ಕೃತಘ್ನತೆಯ ವಿದ್ವದ್ರೂಪ. ಮಾರ್ಗದರ್ಶಕರ ಋಣವೆಂದು ಅವರ ತಪ್ಪನ್ನು ಸಮರ್ಥಿಸುವುದೂ ಸರಿಯಲ್ಲ. ಅದು ಕರ್ಣನ ಜೋಳವಾಳಿ. ಗುರುವಿನ ಮತವನ್ನು ಆಧಾರಸಹಿತವಾಗಿ, ವಿನಯದಿಂದ ತಿದ್ದುವ ಶಿಷ್ಯ ಗುರುವಿನ ಕೆಲಸವನ್ನು ಪಾಲಿಸಿದವನೇ ಆಗುತ್ತಾನೆ. ಅಂತೆಯೇ ಸಾರ್ವಜನಿಕ ಹುದ್ದೆಯಲ್ಲಿರುವವನು ತನ್ನ ಸ್ವಂತ ಋಣವನ್ನು ಸಾರ್ವಜನಿಕರ ಸ್ವತ್ತಿನಿಂದ ತೀರಿಸಿದರೆ ಅದು ಕೃತಜ್ಞತೆಯಲ್ಲ. ಶಾಸನಕಾರರ ಮಾತಿನಲ್ಲಿ ಅದು ಪರರು ಕೊಟ್ಟದ್ದನ್ನು ಅಪಹರಿಸಿದಂತೆ.

ಕುರುಗೋಡಿನ ಕಲ್ಲು, ಸಿರುಗುಪ್ಪದ ಕಾಲುವೆ, ಬಳ್ಳಾರಿಯ ರಂಗಮಂದಿರ ಈ ಮೂರೂ ಹೇಳುವುದು ಒಂದೇ ಮಾತನ್ನು. ಮಾಡಿದವರನ್ನು ನಿಖರವಾಗಿ ಬಲ್ಲವರು ಇರುವವರೆಗೆ ಮಾಡಿದ್ದು ಉಳಿಯುತ್ತದೆ. ಅದನ್ನು ಕಾಯುವವರು ಇರುವವರೆಗೆ ಬಲ್ಲವರ ಮಾತಿಗೆ ಬೆಲೆಯಿರುತ್ತದೆ.